ಇನ್ನೊಂದು ಪಾರ್ಟಿ

ಫೆಬ್ರವರಿ 9, ಭಾನುವಾರ

ಪ್ರೀತಿಯ ಗುಂಡುಸೂಜಿಗೆ,

ನಿನ್ನ ತಂದೆಯೂ ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕನೂ ಆದ ನಾನು, ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ಮೊನ್ನೆ ಗುರುವಾರ ಬೆಳಿಗ್ಗೆ ನಿನ್ನ ಅಮ್ಮ ವಾಕಿಂಗಿಗೆ ಹೋದ ಸಮಯ ಸಾಧಿಸಿ ಅಡುಗೆಮನೆಗೆ ನುಗ್ಗಿ, ಫ್ರಿಜ್ಜಿನ ಬಾಗಿಲಿಗೆ ಕಚ್ಚಿಕೊಂಡಿದ್ದ ಆಮೆ ಆಕಾರದ ಅಯಸ್ಕಾಂತವನ್ನು ಕಳವು ಮಾಡಿದ್ದೇನೆ. ಆಮೆ ಹಿಡಿದುಕೊಂಡಿದ್ದ ನಿನ್ನ ಫೋಟೋ, ಅದೇ ಹೆಲ್ಮೆಟ್ ಹಾಕಿಕೊಂಡು ಸುರಂಗದ ಬಾಯಲ್ಲಿ ನಿಂತದ್ದು, ನೆಲಕ್ಕೆ ಬಿತ್ತು. ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಹಾಲಿಗೆ ಬಂದು ಪೇಪರನ್ನು ತಲೆಕೆಳಗಾಗಿ ಹಿಡಿದು ಓದುತ್ತ ಕೂತೆ. ಕಳ್ಳತನದಲ್ಲಿ ಅನುಭವವಿಲ್ಲದವರ ಪಾಡು ಇದೇ.

ಕದ್ದ ಮಾಲು ಈಗ ನನ್ನ ಪ್ಯಾಂಟಿನ ಜೇಬಿನಲ್ಲಿದೆ. ಬೀಗದ ಕೈ ಗೊಂಚಲು ಅದಕ್ಕೆ ಅಂಟಿಕೊಂಡು, ಮನೆಗೆ ಬಂದಾಗಲೆಲ್ಲ ಬಾಗಿಲ ಮುಂದೆ ನಿಂತು ಜೇಬಿನೊಳಗೆ ಆಮೆಯೊಂದಿಗೆ ಕುಸ್ತಿ ಆಡುತ್ತಿದ್ದೇನೆ. ಎದುರುಮನೆಯವರು ನನಗೇನೋ ಚರ್ಮರೋಗ ಎಂದುಕೊಂಡಿದ್ದಾರೆ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಮನ್ನಿಸು. “ಫೋನಿನಲ್ಲಾದರೆ ನೀನು ಎರಡು ಜೋಕು ಹೊಡೆದು, ತಗೋ ಅಮ್ಮನ ಹತ್ರ ಮಾತಾಡು ಅಂತ ದಾಟಿಸಿಬಿಡ್ತೀಯ. ಬರೆದರೆ ಮಾತ್ರ ಮನುಷ್ಯರ ಹಾಗೆ ಮಾತಾಡ್ತೀಯ” ಎಂದು ನೀನು ಹಾಕಿದ ಆಜ್ಞೆ ನೆನಪಿದೆ. ಹೇಗೂ ನಿನ್ನ ಸುರಂಗದೊಳಗೆ ಫೋನು ಹಿಡಿಯುವುದಿಲ್ಲ. ವಾರಕ್ಕೊಮ್ಮೆ ತರಕಾರಿ ತರುವ ಲಾರಿಯಲ್ಲಿ ಆಲೂಗಡ್ಡೆಯ ಜೊತೆ ನನ್ನ ಅಕ್ಷರವೂ ಬರಲಿ.

ತಡವಾದದ್ದಕ್ಕೆ ಕಾರಣ ಕಾರು. ಈ ವಿಷಯ ಅಮ್ಮನಿಗೆ ಗೊತ್ತಿಲ್ಲ, ಗೊತ್ತಾಗಕೂಡದು.

ಅವಳ ಹೊಲಿಗೆ ಅಂಗಡಿಗೆ ಆ ದೊಡ್ಡ ಆಸ್ಪತ್ರೆಯ ಕೆಲಸ ಬಂದಿರುವುದು ನಿನಗೆ ತಿಳಿದೇ ಇದೆ. ನರ್ಸುಗಳ ಸಮವಸ್ತ್ರ ಬಿಗಿ ಮಾಡುವುದು, ಸಡಿಲ ಮಾಡುವುದು, ಹರಿದದ್ದು ಹೊಲಿಯುವುದು. ಬಟ್ಟೆಯನ್ನು ತರುವುದೂ ತಲುಪಿಸುವುದೂ ಇವಳದೇ ಜವಾಬ್ದಾರಿ. ಏಪ್ರಿಲ್ಲಿನಿಂದ ಎಲ್ಲ ವಾರ್ಡುಗಳದ್ದೂ ಇವಳಿಗೇ ಕೊಡುತ್ತಾರಂತೆ, ಆದರೆ “ಬಸ್ಸಿನಲ್ಲಿ ತರೋದಾದ್ರೆ ಆಗಲ್ಲಮ್ಮ, ನಿಮ್ಮದೇ ವಾಹನ ಇರಬೇಕು” ಎಂದು ಅಲ್ಲಿನ ಉಗ್ರಾಣದ ಮೇಡಂ ಖಡಾಖಂಡಿತ ಹೇಳಿದ್ದಾರೆ. ವಾಹನ ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಈಗಾಗಲೇ ಗಂಟು ಹೊತ್ತು ಹೊತ್ತು ಅವಳ ಎಡಭುಜ ಬಲಭುಜಕ್ಕಿಂತ ಕೆಳಗಿಳಿದಿದೆ. ತನ್ನ ರವಿಕೆಯನ್ನೇ ಒಂದು ಕಡೆ ಏರಿಸಿ ಹೊಲಿದುಕೊಳ್ಳುತ್ತಾಳೆ. ಕೇಳಿದರೆ “ಹೊಸ ಫ್ಯಾಷನ್ನು” ಎನ್ನುತ್ತಾಳೆ.

ಹಾಗಾಗಿ ಒಂದು ಹಳೇ ಕಾರು ಕೊಂಡು, ಒಂದು ದಿನ ಗೇಟಿನ ಮುಂದೆ ನಿಲ್ಲಿಸಿ, ಹಾರನ್ ಹೊಡೆದು, “ಬನ್ನಿ ಮೇಡಂ, ಗಂಟುಮೂಟೆ ಹತ್ತಿಸಿ” ಎನ್ನಬೇಕೆಂಬುದು ನನ್ನ ಯೋಜನೆ. ಓಡಿಸುವವನು ನಾನು, ಒಡತಿ ಅವಳು. ನಮ್ಮ ಹಿಂದಿನ ಕಾರು ಗುಜರಿ ಸೇರಿದ ಮೇಲೆ ನನ್ನ ಕೈಯೂ ಸುಮ್ಮನೆ ಕೂತಿದೆ.

ಆದರೆ ಮಗಳೇ, ಹಳೇ ಕಾರಿನ ಪೇಟೆಯಲ್ಲಿ ಬೆಲೆ ಹೇಳುವವರಿಲ್ಲ, ಬಲೆ ಬೀಸುವವರೇ ಎಲ್ಲ. ತಲೆ ಚಿಟ್ಟು ಹಿಡಿದುಹೋಗಿದೆ. ನಾನು ಬೆಲೆ ಎಂಬ ವಿಷಯವನ್ನೇ ಪಾಠ ಮಾಡಿ ಕೂದಲು ಕಳೆದುಕೊಂಡವನು. ನನ್ನ ಕ್ರಮ ಸರಳ. ಒಂದೇ ಮಾದರಿಯ, ಒಂದೇ ವಯಸ್ಸಿನ ಕಾರುಗಳ ಜಾಹೀರಾತು ನೋಡಿ ಸರಾಸರಿ ತೆಗೆಯುವುದು. ಟೈರು ಸವೆದಿದ್ದರೆ ಅಷ್ಟು ಕಳೆಯುವುದು, ಬ್ಯಾಟರಿ ಹೊಸದಾದರೆ ಇಷ್ಟು ಕೂಡಿಸುವುದು. ಬಂದದ್ದನ್ನು ನನ್ನ ಪಿಂಚಣಿಯಿಂದ ಭಾಗಿಸಿದರೆ, ಈ ಕಾರು ನನ್ನ ಬದುಕಿನ ಎಷ್ಟು ತಿಂಗಳು ಎಂದು ತಿಳಿಯುತ್ತದೆ. ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಆಸೆ ಹುಟ್ಟುತ್ತದೆ, ತಿಂಗಳಲ್ಲಿ ಹಾಕಿದರೆ ಬುದ್ಧಿ ಹುಟ್ಟುತ್ತದೆ.

ಮೊದಲು ಹೋದದ್ದು ಹೆದ್ದಾರಿ ಪಕ್ಕದ ದೊಡ್ಡ ಅಂಗಳಕ್ಕೆ. ಅಲ್ಲಿ ಸಾಲಾಗಿ ನಿಂತ ಕಾರುಗಳಿಗೆಲ್ಲ ಮದುಮಕ್ಕಳ ಹಾಗೆ ಸೆಂಟು ಪೂಸಿದ್ದಾರೆ. ಯಾವ ಕಾರು ಕೇಳಿದರೂ ಟೈ ಕಟ್ಟಿದ ಮಹಾಶಯ “ಒಬ್ರೇ ಓನರ್ ಸಾರ್, ಡಾಕ್ಟರ್ ಓಡಿಸಿದ ಗಾಡಿ” ಎನ್ನುತ್ತಾನೆ. ಊರಿನ ಕಾರನ್ನೆಲ್ಲ ಡಾಕ್ಟರುಗಳೇ ಓಡಿಸುತ್ತಿದ್ದರೆ ರೋಗಿಗಳನ್ನು ನೋಡಿದವರು ಯಾರು ಎಂದು ಕೇಳಿದೆ. ಆತ ನಗಲಿಲ್ಲ. ದರ ಹೇಳಿದ. ಆಗ ನಾನೂ ನಗಲಿಲ್ಲ.

ಆಮೇಲೆ ಒಬ್ಬ ಟ್ಯೂಷನ್ ಮೇಷ್ಟ್ರು. ಮೀಟರಿನ ಪ್ರಕಾರ ಅವರ ಕಾರು ಮನೆಯಿಂದ ಹಾಲಿನ ಬೂತಿಗೆ ಹೋಗಿ ಬಂದದ್ದು ಬಿಟ್ಟರೆ ಎಲ್ಲಿಗೂ ಹೋಗಿಲ್ಲ. ಬಗ್ಗಿ ನೋಡಿದರೆ ಬ್ರೇಕ್ ಪೆಡಲ್ಲಿನ ರಬ್ಬರು ನನ್ನ ತಲೆಗಿಂತ ನುಣ್ಣಗಿದೆ. “ಮೇಷ್ಟ್ರೇ, ಹಾಲಿನ ಬೂತು ಯಾವ ದೇಶದಲ್ಲಿದೆ?” ಎಂದೆ. ಒಂದೇ ವೃತ್ತಿಯವರು ಎಂಬ ದಾಕ್ಷಿಣ್ಯಕ್ಕೂ ಒಂದು ಲೋಟ ನೀರು ಕೊಡದೆ ಕಳಿಸಿದರು.

ಮೂರನೆಯದು ಹಾಸಿಗೆ ಅಂಗಡಿಯ ಸಾಹುಕಾರರದ್ದು. ಮೇಲೆ ನೋಡಿದರೆ ಕನ್ನಡಿ. ಅಲ್ಲಿ ನನ್ನ ಆಮೆ ಕೆಲಸಕ್ಕೆ ಬಂತು. ಕಾರಿನ ತಗಡಿಗೆ ಅಯಸ್ಕಾಂತ ಹಿಡಿದರೆ ಟಪ್ಪನೆ ಕಚ್ಚಿಕೊಳ್ಳಬೇಕು. ಅಪಘಾತವಾಗಿ ಜಜ್ಜಿಹೋದ ಕಡೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಕಚ್ಚುವುದಿಲ್ಲ. ಹಿಂದಿನ ಬಾಗಿಲಿಗೆ ಹಿಡಿದೆ, ಆಮೆ ಜಾರಿ ಬಿತ್ತು. ಮುಂದಿನದಕ್ಕೆ ಹಿಡಿದೆ, ಮತ್ತೆ ಬಿತ್ತು. ಅಷ್ಟು ಪುಟ್ಟಿ. ಮಗಳನ್ನು ಎಲ್ಲರ ಹಾಗೆ ಪುಟ್ಟಿ ಎಂದು ಕರೆಯದೆ ಗುಂಡುಸೂಜಿ ಎಂದು ಕರೆದದ್ದು ಎಷ್ಟು ಒಳ್ಳೆಯದಾಯಿತು ಎಂದು ಆ ಕ್ಷಣ ಅನ್ನಿಸಿತು.

ಮನೆಗೆ ಬಂದರೆ ನಿನ್ನ ಅಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಕೂತಿದ್ದಾಳೆ.

“ರೀ, ಫ್ರಿಜ್ಜಿನ ಮೇಲಿದ್ದ ಆಮೆ ನೋಡಿದ್ರಾ?”

“ನಿಧಾನವಾಗಿ ಎಲ್ಲೋ ನಡೆದುಕೊಂಡು ಹೋಗಿರಬೇಕು. ನಿನ್ನ ಜೊತೆ ವಾಕಿಂಗಿಗೆ ಬಂದಿಲ್ಲವಾ?” ಎಂದೆ. “ಈ ವಾಕಿಂಗಿನಿಂದ ನಿನಗಿಂತ ಅದಕ್ಕೇ ಹೆಚ್ಚು ಲಾಭ. ತಿಂಗಳಿಂದ ನಡೀತಾ ಇದೀಯ, ಒಂದು ಗ್ರಾಮೂ ಇಳಿದಿಲ್ಲ.”

ನಕ್ಕಳು. ನಕ್ಕು ಮತ್ತೆ ಹುಡುಕತೊಡಗಿದಳು. ಅವಳಿಗೆ ಅಯಸ್ಕಾಂತದಿಂದ ಏನಾಗಬೇಕೋ ನನಗೆ ತಿಳಿಯದು.

ಆರೋಗ್ಯ ನೋಡಿಕೋ. ಬೆಟ್ಟ ಕೊರೆಯುವಾಗ ತಲೆ ಮೇಲೆ ಹೆಲ್ಮೆಟ್ಟಿರಲಿ. ಅಪ್ಪ ಕೊರೆಯುವಾಗ ಅದು ಬೇಕಿಲ್ಲ, ತಾಳ್ಮೆ ಇದ್ದರೆ ಸಾಕು.

ಆಶೀರ್ವಾದಗಳೊಂದಿಗೆ,
ಆಮೆಗಳ್ಳ ಅಪ್ಪ


ಫೆಬ್ರವರಿ 20, ಗುರುವಾರ

ಗುಂಡುಸೂಜಿ,

ಕೋಪದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಕಾರು ಸಿಕ್ಕಿದೆ. ಸಿಕ್ಕಿದೆ ಎನ್ನುವುದಕ್ಕಿಂತ ಸಿಕ್ಕಿಬಿದ್ದಿದ್ದೇನೆ ಎನ್ನಬೇಕು.

ನಂಬಿದರೆ ನಂಬು, ಇದು ನಿಜವಾಗಿಯೂ ಡಾಕ್ಟರೊಬ್ಬರು ಓಡಿಸಿದ ಗಾಡಿ. ಹಲ್ಲಿನ ಡಾಕ್ಟರು. ವಯಸ್ಸಾಗಿದೆ, ಕಣ್ಣು ಮಂಜಾಗಿದೆ, ಹಾಗಾಗಿ ಓಡಿಸುವುದು ಬಿಟ್ಟಿದ್ದಾರೆ. ಬೂದು ಬಣ್ಣದ ಕಾರು, ಹಿಂದೆ ಉದ್ದನೆಯ ಡಿಕ್ಕಿ. ಡಿಕ್ಕಿ ದೊಡ್ಡದಿದೆ, ಡಿಕ್ಕಿ ಹೊಡೆದದ್ದು ಎಲ್ಲೂ ಇಲ್ಲ. ಆಮೆ ಮೈಯೆಲ್ಲ ಓಡಾಡಿ ಎಲ್ಲಿ ಬಿಟ್ಟರಲ್ಲಿ ಕಚ್ಚಿಕೊಂಡಿತು. ಪೆಡಲ್ಲಿನ ರಬ್ಬರೂ ಮೀಟರೂ ಒಂದೇ ಮಾತು ಹೇಳಿದವು. ಇರುವುದು ಒಂದೇ ಐಬು: ಡಿಕ್ಕಿಯ ಬಾಗಿಲು ಹಟಮಾರಿ. ಎಳೆದರೆ ಬರುವುದಿಲ್ಲ. ಮೊದಲು ಅಂಗೈಯಿಂದ ಕೆಳಕ್ಕೆ ಒತ್ತಿ, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಆಮೇಲೆ ಎತ್ತಬೇಕು. “ಹಠ ಮಾಡೋ ಮಗು ಬಾಯಿ ತೆರೆಸಿದ ಹಾಗೆ” ಎಂದು ಡಾಕ್ಟರು ತೋರಿಸಿಕೊಟ್ಟರು. ನನಗೆ ಮೂರನೇ ಸಲ ಹೋದಾಗ ಕೈ ಹಿಡಿಯಿತು.

ಅವರು ಹೇಳಿದ ಬೆಲೆ ನನ್ನ ಹದಿನಾಲ್ಕು ತಿಂಗಳ ಪಿಂಚಣಿ. ನನ್ನ ಲೆಕ್ಕದಲ್ಲಿ ನ್ಯಾಯದ ಬೆಲೆ ಹದಿಮೂರು. ನಾನು ಹನ್ನೆರಡಕ್ಕೆ ಶುರು ಮಾಡಿದೆ, ಅವರು ಹದಿಮೂರಕ್ಕೆ ಇಳಿದರೆ ಇಬ್ಬರೂ ಸಭ್ಯರಂತೆ ಕೈಕುಲುಕಬಹುದಿತ್ತು.

ಆದರೆ ಡಾಕ್ಟರು ಹೇಳಿದರು, “ನೋಡಿ ಮೇಷ್ಟ್ರೇ, ನಾನು ಚೌಕಾಸಿ ಮಾಡೋನಲ್ಲ. ಆದ್ರೆ ಇನ್ನೊಬ್ರು ನೋಡಿಕೊಂಡು ಹೋಗಿದ್ದಾರೆ. ಹನ್ನೆರಡೂವರೆ ಅಂದಿದ್ದಾರೆ.” ತಿಂಗಳಿನಲ್ಲಿ ಹೇಳುವ ಈ ಲೆಕ್ಕ ನನ್ನದು, ಅವರು ಹೇಳಿದ್ದು ರೂಪಾಯಿಯಲ್ಲೇ.

“ಯಾರು ಸ್ವಾಮಿ ಅವರು?”

“ಅದು ಹೇಳಲ್ಲ. ಅವರಿಗೆ ನಿಮ್ಮ ವಿಷಯವೂ ಹೇಳಲ್ಲ. ಒಬ್ಬ ಪೇಷಂಟಿನ ಬಾಯಿ ವಿಚಾರ ಇನ್ನೊಬ್ಬ ಪೇಷಂಟಿಗೆ ಹೇಳಿದವನಲ್ಲ ನಾನು. ಬೆಲೆ ಎಷ್ಟಾಯ್ತು ಅನ್ನೋದು ಮಾತ್ರ ಇಬ್ಬರಿಗೂ ಹೇಳ್ತೀನಿ.”

ಇದೆಂಥ ಧರ್ಮ ನೋಡು. ನಾನು ಹದಿಮೂರು ಎಂದೆ. ಎರಡು ದಿನ ಬಿಟ್ಟು ಹೋದರೆ ಇನ್ನೊಂದು ಪಾರ್ಟಿ ಹದಿಮೂರೂವರೆ ಎಂದಿದೆ. ಯಾರೀ ಆಸಾಮಿ ಎಂದು ಪತ್ತೇದಾರಿಕೆ ಶುರು ಮಾಡಿದೆ. ಡಾಕ್ಟರ ಬಾಯಿಂದ ಕಿತ್ತದ್ದು ಇಷ್ಟು. (ಹಲ್ಲಿನ ಡಾಕ್ಟರ ಬಾಯಿಂದಲೇ ಕೀಳುವುದು ಸಾಧಾರಣ ಸಾಹಸವಲ್ಲ.) ಒಂದು, ಆ ಪಾರ್ಟಿ ಡಿಕ್ಕಿಯನ್ನು ಟೇಪಿನಿಂದ ಉದ್ದ, ಅಗಲ, ಆಳ ಅಳೆದಿದೆ. ಎರಡು, “ನನಗೆ ಫೋನು ಮಾಡಬೇಡಿ, ಮನೆಯಲ್ಲಿ ಗೊತ್ತಾಗಬಾರದು, ನಾನೇ ಬರ್ತೀನಿ” ಎಂದಿದೆ.

ಡಿಕ್ಕಿ ಅಳೆಯುವವನು, ಮನೆಯವರಿಗೆ ಹೆದರುವವನು, ಫೋನು ಬೇಡ ಎನ್ನುವವನು. ಇವನು ಕಳ್ಳಸಾಗಣೆಯವನಿರಬೇಕು, ಇಲ್ಲ ಹೆಂಡತಿಯನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವ ಯೋಜನೆ ಇರುವವನು. ಡಾಕ್ಟರಿಗೆ ಹಾಗೆಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, “ನಿಮಗೆ ಎಲ್ಲದಕ್ಕೂ ಒಂದು ತಮಾಷೆ ಸಿಗುತ್ತೆ ಅಲ್ವಾ?” ಎಂದರು. ಹೊಗಳಿದರು ಅಂದುಕೊಂಡೆ.

ಇವತ್ತು ತಜ್ಞರ ಅಭಿಪ್ರಾಯಕ್ಕೆಂದು ಅಪಶಕುನನನ್ನು ಕರೆದುಕೊಂಡು ಹೋಗಿದ್ದೆ. ಅಪಶಕುನ ಅಂದರೆ ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ಕು, ನಿನಗೆ ಗೊತ್ತಲ್ಲ. ಯಾವ ಗಾಡಿಯ ಬಾನೆಟ್ಟು ಎತ್ತಿದರೂ ಲೊಚಗುಟ್ಟುವವನು, ಹೊಸ ಗಾಡಿಗೂ ತಿಥಿ ನಿಗದಿ ಮಾಡುವವನು. ಅಂಥವನು ಈ ಕಾರಿನ ಮುಂದೆ ನಿಂತು ಲೊಚಗುಟ್ಟಲಿಲ್ಲ. ಬಾನೆಟ್ಟನ್ನೂ ಎತ್ತಲಿಲ್ಲ. ನೆಲ ನೋಡುತ್ತ ನಿಂತ.

“ಬೇಡ ಸಾರ್. ಈ ಗಾಡಿ ನಿಮಗೆ ಬೇಡ.”

“ಎಂಜಿನ್ ಸರಿಯಿಲ್ಲವೇನೋ?”

“ಎಂಜಿನ್ ಚೆನ್ನಾಗಿದೆ.”

“ಗೇರ್ ಬಾಕ್ಸು?”

“ಬೆಣ್ಣೆ ಇದ್ದಂಗಿದೆ.”

“ಮತ್ತೇನಯ್ಯ ತೊಂದರೆ?”

“ಗಾಡಿಗೇನೂ ತೊಂದರೆ ಇಲ್ಲ ಸಾರ್. ಬೇರೆ ನೋಡೋಣ ಬನ್ನಿ” ಎಂದು ನನ್ನ ತೋಳು ಹಿಡಿದು ಎಳೆದ.

ಬಾನೆಟ್ಟು ಎತ್ತದೆಯೇ ಎಂಜಿನ್ ಚೆನ್ನಾಗಿದೆ ಎಂದು ಇವನಿಗೆ ಹೇಗೆ ಗೊತ್ತು? ಅರ್ಥವಾಯಿತಲ್ಲ? ಇನ್ನೊಂದು ಪಾರ್ಟಿ ಇವನನ್ನೂ ಕೊಂಡುಕೊಂಡಿದೆ. ದಾರಿಯುದ್ದಕ್ಕೂ ಬೈದೆ. ಅವನು ತನ್ನ ನೀಲಿ ಅಂಗಿಯ ಹೊಸ ಜೇಬಿನೊಳಗೆ ಕೈ ಇಟ್ಟುಕೊಂಡು ನಡೆದ.

ಮನೆಗೆ ಬಂದು ಅಮ್ಮನ ಎದುರು ಆ ಸಿಟ್ಟನ್ನು ತೋರಿಸುವಂತೆಯೂ ಇಲ್ಲ. ಕಾರು ಎಂಬ ಶಬ್ದ ಬಾಯಿಂದ ಜಾರದ ಹಾಗೆ ನೋಡಿಕೊಂಡು, “ಪ್ರಪಂಚದಲ್ಲಿ ಎಂಥೆಂಥ ಜನ ಇರ್ತಾರೆ, ಇನ್ನೊಬ್ಬರ ಬಾಯಿಗೆ ಹೋಗೋ ತುತ್ತಿಗೆ ಕೈ ಹಾಕ್ತಾರೆ” ಎಂದೆ. ಅವಳು ಮೆಷಿನ್ನು ತುಳಿಯುತ್ತ, ತಲೆ ಎತ್ತದೆ, “ಹೂಂ ರೀ. ನನಗೂ ಅದೇ ಅನ್ನಿಸ್ತಿತ್ತು” ಎಂದಳು. ಈ ಮನೆಯಲ್ಲಿ ನಾವಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದು ಬಹಳ ದಿನದ ಮೇಲೆ.

ಆಸ್ಪತ್ರೆಯ ಮೇಡಂ ಮಾರ್ಚ್ ಮೊದಲ ವಾರದಲ್ಲಿ ಉತ್ತರ ಬೇಕು ಎಂದಿದ್ದಾರಂತೆ. ಗಡುವು ಹತ್ತಿರ ಬಂತು. ಬಿಡುವುದಿಲ್ಲ ನಾನು.

ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿ. ನಿನ್ನ ಮೇಲಧಿಕಾರಿ ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಗೋಡೆಗೆ ಹಚ್ಚು, ನಿಮ್ಮಲ್ಲಿ ಸಿಮೆಂಟಿಗೇನು ಬರವೇ?

ಕೆಂಡವಾಗಿರುವ,
ಅಪ್ಪ


ಮಾರ್ಚ್ 2, ಭಾನುವಾರ

ಚಿರಂಜೀವಿ ಗುಂಡುಸೂಜಿಗೆ ವಿಜಯಿಯಾದ ಅಪ್ಪನ ಆಶೀರ್ವಾದಗಳು.

ಗೆದ್ದೆ. ಇನ್ನೊಂದು ಪಾರ್ಟಿ ಮಣ್ಣು ಮುಕ್ಕಿತು.

ನಡೆದದ್ದು ಹೀಗೆ. ಬುಧವಾರ ಹೋದಾಗ ಆ ಆಸಾಮಿ ಹದಿನಾಲ್ಕಕ್ಕೆ, ಅಂದರೆ ಡಾಕ್ಟರು ಕೇಳಿದ್ದ ಪೂರ್ತಿ ಬೆಲೆಗೇ ಒಪ್ಪಿ, ಶನಿವಾರ ದುಡ್ಡು ತರುತ್ತೇನೆಂದು ಹೇಳಿ ಹೋಗಿದ್ದ. ನನ್ನ ಮೈ ಉರಿದುಹೋಯಿತು. “ಹದಿನೈದು” ಎಂದೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಮೇಷ್ಟ್ರೇ, ನಾನು ಕೇಳಿದ್ದೇ ಹದಿನಾಲ್ಕು. ಅದಕ್ಕಿಂತ ಹೆಚ್ಚು ಯಾಕೆ ಕೊಡ್ತೀರಿ?”

“ಅದು ನನ್ನ ಸ್ವಾತಂತ್ರ್ಯ.”

“ನೀವು ಯಾವ ವಿಷಯ ಪಾಠ ಮಾಡ್ತಿದ್ದದ್ದು?”

ಅರ್ಥಶಾಸ್ತ್ರ ಎನ್ನಲಿಲ್ಲ. ಚರಿತ್ರೆ ಎಂದೆ.

ನನಗೆ ಗೊತ್ತು, ನೀನೀಗ ಅಲ್ಲಿ ಕೂತು ತುಟಿ ಕಚ್ಚಿಕೊಳ್ಳುತ್ತಿದ್ದೀಯ. ನ್ಯಾಯದ ಬೆಲೆ ಹದಿಮೂರು ಎಂದವನು ನಾನೇ. ಆದರೆ ಬೇಡಿಕೆ ಏರಿದಾಗ ಬೆಲೆಯೂ ಏರುವುದು ಪ್ರಕೃತಿ ನಿಯಮ. ಒಂದು ವಸ್ತು ಕೊಳ್ಳುವವನಿಗೆ ಎಷ್ಟು ಸುಖ ಕೊಡುತ್ತದೆ ಎಂಬುದೂ ಬೆಲೆಯೇ. ನಿನ್ನ ಅಮ್ಮನ ಭುಜಕ್ಕೆ ಎಷ್ಟು ತಿಂಗಳ ಪಿಂಚಣಿ ಎಂದು ಯಾವ ಜಾಹೀರಾತಿನಲ್ಲಿ ನೋಡಲಿ? ಹೀಗೆಂದು ನನಗೆ ನಾನೇ ಪಾಠ ಮಾಡಿಕೊಂಡೆ. ವಿದ್ಯಾರ್ಥಿ ಒಪ್ಪಿದ.

ಡಾಕ್ಟರು ತಮ್ಮ ಧರ್ಮದಂತೆ ಇನ್ನೊಂದು ಪಾರ್ಟಿಗೆ ಶನಿವಾರ ಮಧ್ಯಾಹ್ನದವರೆಗೆ ಅವಕಾಶ ಕೊಟ್ಟರು. ನಿನ್ನೆ ಸಂಜೆ ಫೋನು ಬಂತು. “ಕಾರು ನಿಮ್ಮದೇ ಮೇಷ್ಟ್ರೇ. ಅವರು ಬಂದಿದ್ರು, ಹದಿನೈದು ಅಂದೆ. ಸ್ವಲ್ಪ ಹೊತ್ತು ಕಾರಿನ ಹತ್ತಿರ ನಿಂತಿದ್ರು. ಆಮೇಲೆ, ಈ ಬೆಲೆಗೆ ನ್ಯಾಯ ಇಲ್ಲ ಡಾಕ್ಟ್ರೇ, ನನ್ನ ಕೈಲಾಗಲ್ಲ. ಪಾಪ, ಅವರಿಗೆ ಅಷ್ಟೊಂದು ಅಗತ್ಯ ಇದ್ರೆ ಅವರೇ ತಗೊಳ್ಳಲಿ ಅಂದು ಹೋದ್ರು.”

ಶತ್ರು ಸೋಲುವಾಗಲೂ ನನ್ನ ಮೇಲೆ ಕನಿಕರ ತೋರಿಸಿ ಹೋದನಲ್ಲ ಎಂದು ಸ್ವಲ್ಪ ಚುಚ್ಚಿತು. ಗೆದ್ದವನಿಗೆ ಅದೆಲ್ಲ ಯಾಕೆ? ತಕ್ಷಣ ಹೋಗಿ ದುಡ್ಡು ಕಟ್ಟಿ ಬಂದೆ. ಇನ್ನೊಂದು ಗಂಟೆಯಲ್ಲಿ ಕಾರು ತರಲು ಹೊರಡುತ್ತೇನೆ.

ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಿನ್ನ ಅಮ್ಮ ನಿನ್ನೆ ಮಧ್ಯಾಹ್ನದಿಂದ ಮಂಕಾಗಿದ್ದಾಳೆ. ಮೆಷಿನ್ನಿಗೆ ಬಟ್ಟೆ ಹೊದಿಸಿಬಿಟ್ಟಿದ್ದಾಳೆ. ಆಸ್ಪತ್ರೆಗೆ ನಾಳೆ ಇಲ್ಲ ಎಂದು ಹೇಳಿಬಿಡುತ್ತಾಳಂತೆ. “ಯಾಕೆ, ಸೂಜಿಗೆ ದಾರ ಸಿಗ್ತಿಲ್ವಾ, ದಾರಿ ಸಿಗ್ತಿಲ್ವಾ?” ಎಂದೆ. ಇಂಥದ್ದಕ್ಕೆ ಯಾವಾಗಲೂ ನಗುವವಳು ಇವತ್ತು ನಗಲಿಲ್ಲ. ಎದ್ದು ಹೋಗಿ ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಮಡಚಿದಳು. ಪರವಾಗಿಲ್ಲ, ಹಾರನ್ ಕೇಳಿದಾಗ ಮುಖ ಅರಳುತ್ತದೆ.

ಮಾತಿನಲ್ಲಿ ನಿನ್ನ ಅಪ್ಪ ಯಾರಿಗೂ ಸೋತವನಲ್ಲ ಎಂದು ಗೊತ್ತಿತ್ತು, ಬೆಲೆಯಲ್ಲೂ ಸೋಲುವುದಿಲ್ಲ ಎಂದು ಈಗ ಸಾಬೀತಾಯಿತು. ನಿನಗೂ ಬದುಕಿನಲ್ಲಿ ಎಂಥ ಬಂಡೆ ಎದುರಾದರೂ ನಗುನಗುತ್ತ ಕೊರೆಯುವ ಶಕ್ತಿ ಬರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಒಳ್ಳೆಯದಾಗಲಿ.

ಜಯಭೇರಿ ಬಾರಿಸಲು ಹೊರಟಿರುವ,
ಅಪ್ಪ


ತಾ.ಕ.: ಸೋಮವಾರ ಸಂಜೆ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮೇಲಿನದ್ದನ್ನು ಹರಿದುಹಾಕಬಹುದಿತ್ತು. ಹಾಗೇ ಇಟ್ಟಿದ್ದೇನೆ, ಓದು.

ಕಾರು ತಂದೆ. ಗೇಟಿನ ಮುಂದೆ ನಿಲ್ಲಿಸಿ ಹಾರನ್ ಹೊಡೆದೆ. ಅಮ್ಮ ಕೊರಳಲ್ಲಿ ಟೇಪು ನೇತು ಹಾಕಿಕೊಂಡೇ ಹೊರಗೆ ಬಂದಳು. ನಾನು ಬಾಗಿಲು ತೆಗೆದು ಬಗ್ಗಿ, “ಬನ್ನಿ ಮೇಡಂ” ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಕಾರನ್ನು ಒಂದು ಸುತ್ತು ಹಾಕಿ ಹಿಂದೆ ಹೋಗಿ ನಿಂತಳು. ಅಂಗೈಯಿಂದ ಕೆಳಕ್ಕೆ ಒತ್ತಿದಳು, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದಳು, ಎತ್ತಿದಳು. ಡಿಕ್ಕಿ ಒಂದೇ ಸಲಕ್ಕೆ ತೆರೆದುಕೊಂಡಿತು.

ನಾನು ಬಗ್ಗಿದವನು ಹಾಗೇ ಇದ್ದೆ.

“ಹದಿನೈದು ಅಂದವರು ನೀವಾ?” ಎಂದಳು. ರೂಪಾಯಿಯಲ್ಲೇ ಹೇಳಿದಳು, ನನಗೆ ತಿಂಗಳಾಗಿ ಕೇಳಿಸಿತು. ಬೇಡಿಕೆ ಏರಿದರೆ ಬೆಲೆ ಏರುತ್ತದೆ ಎಂದು ನನ್ನ ನೌಕರಿಯ ಆಯುಷ್ಯವೆಲ್ಲ ಪಾಠ ಮಾಡಿದೆ. ಆ ಬೇಡಿಕೆ ನಮ್ಮ ಅಡುಗೆಮನೆಯಿಂದಲೇ ಹೋಗುತ್ತಿತ್ತು.

ಎಲ್ಲ ಹೇಳಿದಳು. ಬೆಳಗಿನ ವಾಕಿಂಗು ವಾಕಿಂಗಲ್ಲ, ಡ್ರೈವಿಂಗ್ ಸ್ಕೂಲು. ತೂಕ ಇಳಿಯದಿದ್ದದ್ದು ಅದಕ್ಕೇ, ಕೂತು ಕಲಿಯುತ್ತಿದ್ದಳು. ಲೈಸೆನ್ಸು ಬಂದಿದೆ. ಆಮೆಯನ್ನು ಹುಡುಕಿದ್ದು ನಾನು ಕದ್ದ ಕೆಲಸಕ್ಕೇ. ಅಪಶಕುನನನ್ನು ನನಗಿಂತ ಮೊದಲು ಅವಳೇ ಕರೆದುಕೊಂಡು ಹೋಗಿದ್ದಳು. ಅವನ ನೀಲಿ ಅಂಗಿಗೆ ಜೇಬು ಹೊಲಿದವಳೂ ಅವಳೇ. ಬಾಯಿಬಿಟ್ಟರೆ ಬಾಯಿಯನ್ನೂ ಹೊಲಿದುಬಿಡುತ್ತೇನೆ ಎಂದಿದ್ದಳಂತೆ. ದುಡ್ಡು ಅವಳ ಹೊಲಿಗೆಯದು, ಅವಳದೇ.

“ನನಗೆ ಒಂದು ಮಾತು ಹೇಳಬಾರದಿತ್ತಾ?” ಎಂದೆ.

ಅವಳು ಡಿಕ್ಕಿಯ ಅಂಚಿನ ಮೇಲೆ ಕೂತಳು. “ಹೇಳಿದ್ರೆ ನೀವು ಜೋಕು ಮಾಡ್ತಿದ್ರಿ.”

“ಮಾಡಿದ್ರೆ ಏನು? ನೀನೂ ನಗ್ತಿದ್ದೆ.”

“ಹೂಂ. ನಗ್ತಿದ್ದೆ. ನಕ್ಕು ಮುಗಿಯೋ ಹೊತ್ತಿಗೆ ಆಸೆ ಹೋಗಿರ್ತಿತ್ತು.” ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತ ಮುಂದುವರಿಸಿದಳು, “ಆವಾಗ ನಮ್ಮ ಹಳೇ ಕಾರು ಇದ್ದಾಗ, ನಾನೂ ಕಲೀತೀನಿ ಅಂದಿದ್ದೆ. ಮನೆ ತುಂಬ ನಿಮ್ಮ ಕಾಲೇಜಿನವರಿದ್ರು. ಇವಳು ರಸ್ತೆಗೆ ಇಳಿಯೋ ದಿನ ಮೊದಲೇ ಹೇಳಿಬಿಡ್ತೀನಿ, ಎಲ್ಲರೂ ಮರ ಹತ್ತಿ ಕೂತುಕೊಳ್ಳಿ ಅಂದ್ರಿ. ಎಲ್ಲರೂ ನಕ್ರು. ನಾನೂ ನಕ್ಕೆ. ಕಾಫಿ ತರ್ತೀನಿ ಅಂತ ಒಳಗೆ ಹೋದೆ. ಆಮೇಲೆ ಆ ಮಾತು ಎತ್ತಲೇ ಇಲ್ಲ. ನಿಮಗೆ ನೆನಪಿದೆಯಾ?”

ನನಗೆ ನೆನಪಿರಲಿಲ್ಲ. ಕಾಫಿಯೂ ನೆನಪಿಲ್ಲ. ಚೆನ್ನಾಗಿತ್ತೇನೋ.

“ಬೈದಿದ್ರೆ ವಾಪಸ್ ಬೈಬಹುದಿತ್ತು. ತಮಾಷೆಗೆ ಏನ್ರೀ ಮಾಡೋದು?” ಎಂದಳು. ಅಷ್ಟೇ. ಅಳಲಿಲ್ಲ, ಕೂಗಾಡಲಿಲ್ಲ. “ಕೀ ಕೊಡಿ” ಎಂದಳು. ಜೇಬಿಗೆ ಕೈ ಹಾಕಿದೆ. ಕೀ ಆಮೆಗೆ ಅಂಟಿಕೊಂಡಿತ್ತು, ಎರಡೂ ಒಟ್ಟಿಗೆ ಬಂದವು. ಆಮೆಯನ್ನು ಬಿಡಿಸಿ ತನ್ನ ಹತ್ತಿರ ಇಟ್ಟುಕೊಂಡಳು. ನಿನ್ನ ಫೋಟೋ ಮತ್ತೆ ಫ್ರಿಜ್ಜಿನ ಮೇಲಿದೆ.

ನಮ್ಮ ಗೇಟಿನೊಳಗೆ ಕಾರು ಹಿಮ್ಮುಖವಾಗಿ ತರುವುದು ನನಗೆ ಯಾವತ್ತೂ ಬಂದಿರಲಿಲ್ಲ, ನಿನಗೆ ಗೊತ್ತು. ಹಳೇ ಕಾರಿನ ಎರಡೂ ಕೆನ್ನೆಯ ಗೀರು ಆ ಗೇಟಿನ ಕಂಬದ್ದೇ. ಅವಳು ಒಂದೇ ಸಲಕ್ಕೆ ತಂದು ನಿಲ್ಲಿಸಿದಳು.

ಇವತ್ತು ಮಧ್ಯಾಹ್ನ ಗಂಟುಗಳನ್ನು ಡಿಕ್ಕಿಗೆ ತುಂಬಿ ಆಸ್ಪತ್ರೆಗೆ ಹೊರಟಳು. “ನಾನೂ ಬರಲಾ?” ಎಂದು ಕೇಳಿದೆ. “ಬನ್ನಿ. ಮಾತಾಡಬಾರದು” ಎಂದಳು. ಪಕ್ಕದ ಸೀಟಿನಲ್ಲಿ ಕೂತೆ. ದೊಡ್ಡ ವೃತ್ತದಲ್ಲಿ ಬಸ್ಸು, ಲಾರಿ, ಕೊನೆಗೆ ಒಂದು ಸೈಕಲ್ಲಿಗೂ ದಾರಿ ಬಿಟ್ಟುಕೊಟ್ಟು ಕಾದಳು. ಒಂದು ಜೋಕು ಹಲ್ಲಿನವರೆಗೆ ಬಂತು. ನುಂಗಿದೆ. ನುಂಗುವುದು ಸುಲಭವಲ್ಲ ಮಗಳೇ, ಗಂಟಲಲ್ಲಿ ನಿಲ್ಲುತ್ತದೆ. ಇಷ್ಟು ವರ್ಷ ನನ್ನ ಎದುರು ಅವಳು ಏನೇನು ನುಂಗಿದಳೋ.

ಉಗ್ರಾಣದ ಮೇಡಂ ಬಾಗಿಲಿಗೆ ಬಂದು ಕಾರು ನೋಡಿ, ಏಪ್ರಿಲ್ಲಿನಿಂದ ಎಲ್ಲ ವಾರ್ಡಿನ ಬಟ್ಟೆಯೂ ನಿಮಗೇ ಎಂದರು. “ಡ್ರೈವರ್ ಇಟ್ಟುಕೊಂಡಿದ್ದೀರಾ?” ಎಂದು ನನ್ನ ಕಡೆ ಕೈ ತೋರಿಸಿ ಕೇಳಿದರು. “ಇಲ್ಲ, ಇವರು ನಮ್ಮನೆಯವರು. ಸುಮ್ಮನೆ ಬಂದಿದ್ದಾರೆ” ಎಂದಳು.

ಬರುವಾಗ ಹಲ್ಲಿನ ಡಾಕ್ಟರ ಮನೆಗೆ ಕರೆದುಕೊಂಡು ಹೋಗಿ ನಮ್ಮಿಬ್ಬರನ್ನೂ ಜೊತೆಗೆ ನಿಲ್ಲಿಸಿ ತೋರಿಸಿದಳು. ಅವರು ಕೂತುಕೊಂಡು ಕಣ್ಣೀರು ಬರುವಷ್ಟು ನಕ್ಕರು. ಮೊದಲು ಕೇಳಿದ್ದಕ್ಕಿಂತ ಮೇಲಿನ ದುಡ್ಡನ್ನು ವಾಪಸು ಕೊಟ್ಟು, “ಒಂದೇ ಬಾಯಿಗೆ ಎರಡು ಸಲ ಫೀಸು ತಗೊಳ್ಳೋನಲ್ಲ ನಾನು” ಎಂದರು. ಉಳಿದದ್ದನ್ನು ತನ್ನ ದುಡ್ಡಿನಿಂದ ನನಗೆ ತೀರಿಸುತ್ತಾಳಂತೆ. ಬೇಡ ಎಂದೆ. “ಕಾರು ನನ್ನದಾಗಬೇಕು” ಎಂದಳು. ಸರಿ ಎಂದೆ.

ಈಗ ಅಸಲು ಮಾತು. ನಿನ್ನ ಅಮ್ಮ ನನಗಿಂತ ಚೆನ್ನಾಗಿ ಕಾರು ಓಡಿಸುತ್ತಾಳೆ. ಬೆಲೆಯೂ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟವಳು ಅವಳು. ಇದನ್ನು ಅವಳಿಗೆ ಹೇಳಬೇಕೆಂದು ನಿನ್ನೆಯಿಂದ ಹಿಂದೆ ಹಿಂದೆ ತಿರುಗುತ್ತಿದ್ದೇನೆ. ಮಾತಿನಲ್ಲಿ ಯಾರಿಗೂ ಸೋತವನಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅಂಥವನು. ಊಟಕ್ಕೆ ಕೂತಾಗ ಬಾಯಿ ತೆರೆದೆ, ಜೋಕು ಬಂತು. ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು ಶುರು ಮಾಡಿದೆ, ಮತ್ತೆ ಜೋಕೇ ಬಂತು. ಅವಳು ಅಭ್ಯಾಸಬಲದಿಂದ ನಕ್ಕಳು, ನಾನು ಹಾಲಿಗೆ ಬಂದು ಕೂತೆ.

ನನ್ನ ಕೈಲಾಗುತ್ತಿಲ್ಲ ಮಗಳೇ. ನೀನು ಅವಳಿಗೆ ಬರೆಯುವಾಗ ಒಂದು ಸಾಲು ಸೇರಿಸು, ಅಪ್ಪ ಹೀಗಂದರು ಅಂತ.